ಎಣಿಕೆ ಸರಿಪಡಿಸಿ, ಇನ್ನೊಮ್ಮೆ ಬರೆಯಿರಿ

ನಮಸ್ಕಾರ.

ದಾವಣಗೆರೆಯ ನಮ್ಮ ಕಚೇರಿಗೆ ನೀವು ಕಳಿಸಿದ ‘ಗರ್ಭದಲ್ಲಿ ಅಂಗಾಂಗಗಳ ಬೆಳವಣಿಗೆ’ ಲೇಖನವನ್ನು ಎರಡು ಸಲ ಓದಿದೆವು. ಮಾನವಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಇಂಥ ಬರಹ ಬೇಕೇ ಬೇಕು, ನಿಮ್ಮ ಭಾಷೆಯೂ ತಿಳಿಯಾಗಿದೆ. ಆದರೆ ಈಗಿರುವ ಹಾಗೆ ಅಚ್ಚಿಗೆ ಕೊಡಲಾಗದು. ಏಕೆಂದು ಬಿಡಿಸಿ ಹೇಳುತ್ತೇವೆ.

ಎರಡನೇ ಪುಟದಲ್ಲಿ, ಮೂರು ವಾರ ತುಂಬುತ್ತಲೇ ಹೃದಯ ಮಿಡಿಯುತ್ತದೆ ಎಂದಿದ್ದೀರಿ. ಐದನೇ ಪುಟದಲ್ಲಿ ಅದೇ ಹೃದಯ ಐದು ವಾರ ತುಂಬಿದ ಮೇಲೆ ಮಿಡಿಯುತ್ತದೆ. ಎರಡೂ ಸರಿಯೇ, ಲೆಕ್ಕ ಮಾತ್ರ ಬೇರೆ. ಭ್ರೂಣಶಾಸ್ತ್ರದವರು ಅಂಡ ಫಲಿತವಾದ ದಿನದಿಂದ ಎಣಿಸುತ್ತಾರೆ. ತಾಯಿ ಕಾರ್ಡಿನಲ್ಲಿ, ಸ್ಕ್ಯಾನಿಂಗ್ ವರದಿಯಲ್ಲಿ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು. ನಡುವೆ ಸುಮಾರು ಎರಡು ವಾರದ ಅಂತರ. ನೀವು ಎರಡು ಕಡೆಯಿಂದ ಮಾಹಿತಿ ತಂದು ಒಂದೇ ಪಟ್ಟಿಗೆ ಹಾಕಿದ್ದೀರಿ. ಫಲಿತವಾದ ದಿನದ ಎಣಿಕೆಯನ್ನೇ ಹಿಡಿಯಿರಿ, ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಮುಂದೆ ಮೆದುಳು, ಬೆನ್ನುಹುರಿ ಆಗುವ ನರನಾಳದ ಬಗ್ಗೆ ನೀವು ಬರೆದಿರುವುದು ಒಂದೇ ಸಾಲು: ‘ಮೊದಲ ತಿಂಗಳಲ್ಲಿ ಮೆದುಳು ರೂಪುಗೊಳ್ಳುತ್ತದೆ.’ ಅಲ್ಲಿ ನಡೆಯುವುದನ್ನು ಹತ್ತಿರದಿಂದ ತೋರಿಸಿ. ಬೆನ್ನ ಮೇಲಿನ ಹೊರಪದರದ ಒಂದು ಭಾಗ ದಪ್ಪಗಾಗಿ ತಟ್ಟೆಯಂತಾಗುತ್ತದೆ. ಬಿಸಿ ರೊಟ್ಟಿಯ ಎರಡು ಅಂಚನ್ನು ಎತ್ತಿ ಕೂಡಿಸಿದಂತೆ ಅದು ಮಡಿಚಿ ನಾಳವಾಗುತ್ತದೆ. ಮೆಕ್ಕೆಜೋಳದ ಚೀಲದ ಬಾಯನ್ನು ಒಂದು ತುದಿಯಿಂದ ಹೊಲಿಯುತ್ತಾ ಹೋಗುತ್ತಾರಲ್ಲ, ಇದು ಹಾಗಲ್ಲ. ಸುಮಾರು 22ನೇ ದಿನ ಕುತ್ತಿಗೆಯ ಭಾಗದಲ್ಲಿ ಕೂಡಿಕೊಂಡು, ಅಲ್ಲಿಂದ ತಲೆಯ ಕಡೆಗೂ ಬಾಲದ ಕಡೆಗೂ ಸಾಗುತ್ತದೆ. ತಲೆಯ ಬಾಯಿ ಸುಮಾರು 25ನೇ ದಿನಕ್ಕೆ, ಬಾಲದ ಬಾಯಿ 28ನೇ ದಿನಕ್ಕೆ ಮುಚ್ಚುತ್ತದೆ. ಮೇಲಿನದು ಮುಚ್ಚದಿದ್ದರೆ ಮೆದುಳು, ತಲೆಬುರುಡೆಯ ಮೇಲ್ಭಾಗ ರೂಪುಗೊಳ್ಳುವುದಿಲ್ಲ. ಕೆಳಗಿನದು ಮುಚ್ಚದಿದ್ದರೆ ಬೆನ್ನುಹುರಿ ತೆರೆದುಕೊಂಡ ಮಗು, ಅಂದರೆ ಸ್ಪೈನಾ ಬೈಫಿಡಾ.

ಈಗ ಎರಡು ವಾರ ಕೂಡಿಸಿ ನೋಡಿ. ಆ 28ನೇ ದಿನ ತಾಯಿ ಕಾರ್ಡಿನ ಲೆಕ್ಕದಲ್ಲಿ 42ನೇ ದಿನ. ಮುಟ್ಟು ನಿಂತು ಎರಡು ವಾರವಷ್ಟೇ ಆಗಿರುತ್ತದೆ. ಎಷ್ಟೋ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸುವ ಹೊತ್ತಿಗೆ ನಾಳ ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಬಸುರಾಗುವ ಮೊದಲೇ ಶುರುಮಾಡಿ ಎನ್ನುವುದು ಇದಕ್ಕೇ. ನಿಮ್ಮ ಲೇಖನದಲ್ಲಿ ಆ ಮಾತ್ರೆ ‘ಮೂರನೇ ತಿಂಗಳಿನಿಂದ’ ಎಂದಿದೆ. ಈ ಒಂದು ತಪ್ಪಿಗೇ ನಾವು ಲೇಖನವನ್ನು ತಡೆಹಿಡಿಯುತ್ತಿದ್ದೆವು.

‘ಮನುಷ್ಯ ಭ್ರೂಣಕ್ಕೂ ಮೀನಿನಂತೆ ಕಿವಿರು ಇರುತ್ತದೆ’ ಎಂಬ ಪ್ಯಾರಾ ತೆಗೆಯಿರಿ. ಇದು ಹತ್ತೊಂಬತ್ತನೇ ಶತಮಾನದ ಜರ್ಮನ್ ಜೀವಶಾಸ್ತ್ರಜ್ಞ ಹೆಕೆಲ್ ಕಾಲದ ಹಳೆಯ ನಂಬಿಕೆ. ನಾಲ್ಕನೇ ವಾರದಲ್ಲಿ ಕುತ್ತಿಗೆಯ ಹತ್ತಿರ ಕಾಣುವುದು ಕಮಾನುಗಳು. ಮೀನಿನಲ್ಲಿ ಅವುಗಳಿಂದ ಕಿವಿರು, ನಮ್ಮಲ್ಲಿ ದವಡೆ, ನಡುಗಿವಿಯ ಪುಟ್ಟ ಮೂಳೆಗಳು, ಗಂಟಲಿನ ಭಾಗಗಳು. ಪೂರ್ವಜರು ಒಂದೇ ಎಂಬುದಕ್ಕೆ ಇದೇ ಸಾಕ್ಷಿ, ಕಿವಿರಿನ ಕಥೆ ಬೇಕಿಲ್ಲ.

ಗಾತ್ರ ಹೇಳಲು ಬ್ಲೂಬೆರಿ, ಅವಕಾಡೊ ಬಳಸಿದ್ದೀರಿ. ಮೊಬೈಲ್ ಆ್ಯಪ್‌ನಿಂದ ಎತ್ತಿದ್ದು ಎಂದು ಕಾಣುತ್ತದೆ. 28ನೇ ದಿನದ ಭ್ರೂಣ 4–5 ಮಿಲಿಮೀಟರ್, ಒಂದು ಜೋಳದ ಕಾಳು. ಎಂಟು ವಾರಕ್ಕೆ ಸುಮಾರು 3 ಸೆಂಟಿಮೀಟರ್, ಬೆಟ್ಟದ ನೆಲ್ಲಿಕಾಯಿಯಷ್ಟು. ಅಷ್ಟರೊಳಗೆ ಎಲ್ಲ ಮುಖ್ಯ ಅಂಗಗಳಿಗೂ ತಳಪಾಯ ಬಿದ್ದಿರುತ್ತದೆ.

ಇನ್ನು ನಮಗೆ ನಿಜಕ್ಕೂ ಬೇಸರ ತಂದದ್ದು. ಮಾನವಶಾಸ್ತ್ರದವರಿಗೆಂದು ಬರೆದೂ ಅವರು ಕೈಯಲ್ಲಿ ಹಿಡಿದು ನೋಡುವ ಸಂಗತಿ ಒಂದೂ ಇಲ್ಲ. ಇಂಕ್ ಹಚ್ಚಿ ಬೆರಳಚ್ಚು ತೆಗೆಯುವ ವಿದ್ಯಾರ್ಥಿಗೆ ಆ ಗೆರೆ ಎಲ್ಲಿಂದ ಬಂತು ಎಂದು ಹೇಳಿ. ಭ್ರೂಣದ ಬೆರಳ ತುದಿಯಲ್ಲಿ ಮೊದಲು ಒಂದು ಉಬ್ಬು ಏಳುತ್ತದೆ. ಅದು ಇಳಿಯತೊಡಗುವ ಹೊತ್ತಿಗೆ, ಮೂರನೇ ತಿಂಗಳ ಆಸುಪಾಸಿನಲ್ಲಿ, ಗೆರೆಗಳು ಮೂಡುತ್ತವೆ. ಉಬ್ಬು ಎತ್ತರವಾಗಿ ಸಮವಾಗಿದ್ದಾಗ ಮೂಡಿದರೆ ಸುಳಿ, ಒಂದು ಕಡೆ ವಾಲಿದ್ದರೆ ಕುಣಿಕೆ, ತಗ್ಗಿದ ಮೇಲೆ ಮೂಡಿದರೆ ಕಮಾನು. ಐದನೇ ತಿಂಗಳ ಹೊತ್ತಿಗೆ ವಿನ್ಯಾಸ ಗಟ್ಟಿಯಾಗಿರುತ್ತದೆ, ಆಮೇಲೆ ಬದಲಾಗದು. ಗರ್ಭದೊಳಗಿನ ಸಣ್ಣಪುಟ್ಟ ವ್ಯತ್ಯಾಸವೂ ಅದರಲ್ಲಿ ಸೇರುವುದರಿಂದ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೆರಳಚ್ಚೂ ಒಂದೇ ಆಗಿರುವುದಿಲ್ಲ.

ಹಲ್ಲನ್ನು ಪೂರ್ತಿ ಮರೆತಿದ್ದೀರಿ. ಹಾಲುಹಲ್ಲು ಗಟ್ಟಿಯಾಗತೊಡಗುವುದು ನಾಲ್ಕನೇ ತಿಂಗಳ ಸುಮಾರಿಗೆ, ಗರ್ಭದಲ್ಲೇ. ಹೆರಿಗೆಯ ಹೊತ್ತಿನ ಏರುಪೇರು ಎನಾಮೆಲ್‌ನಲ್ಲಿ ಒಂದು ಗೆರೆಯಾಗಿ ಉಳಿಯುತ್ತದೆ. ಹಲ್ಲನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಆ ಜನನರೇಖೆ ಕಾಣುತ್ತದೆ. ರೇಖೆಯ ಈಚೆಗೂ ಎನಾಮೆಲ್ ಬೆಳೆದಿದ್ದರೆ ಮಗು ಹುಟ್ಟಿದ ಮೇಲೆ ಕೆಲವು ದಿನವಾದರೂ ಬದುಕಿತ್ತು ಎಂದರ್ಥ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದಾಗ, ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತದ್ದು ಸಿಕ್ಕಿತು. ಅಂಥ ಮಡಕೆಯ ಮುಂದೆ ನಿಂತ ವಿದ್ಯಾರ್ಥಿ ಕೇಳುವ ಮೊದಲ ಪ್ರಶ್ನೆ, ಈ ಕೂಸು ಉಸಿರಾಡಿತ್ತೇ ಎಂದು. ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ನಿಮ್ಮ ಲೇಖನ ತೋರಿಸಬೇಕು.

ಮೂತ್ರಪಿಂಡ, ಕರುಳು, ಶ್ವಾಸಕೋಶಕ್ಕೆ ಒಂದೊಂದು ಪ್ಯಾರಾ ಸಾಕು. ಹದಿನಾಲ್ಕು ಪುಟವನ್ನು ಎಂಟಕ್ಕೆ ಇಳಿಸಿ, ಪ್ರತಿ ಚಿತ್ರದ ಕೆಳಗೆ ದಿನ ಎಷ್ಟು, ಉದ್ದ ಎಷ್ಟು ಮಿಲಿಮೀಟರ್ ಎಂದು ಬರೆದು ಮತ್ತೆ ಕಳಿಸಿ. ಕಾಯುತ್ತಿರುತ್ತೇವೆ.

– ಸಂಪಾದಕರು