ಹಿತ್ತಲಿನ ಹತ್ತು ಕೋಳಿಗಳಿಗೆ ಲಸಿಕೆ ಹಾಕಿಸಬೇಕೇ?

ವಾಘೋಲಿಯ ಮನೆಯ ಹಿತ್ತಲಲ್ಲಿ ಹತ್ತು ಜವಾರಿ ಕೋಳಿ ಸಾಕಿರುವ ತಾವು, ನೂರು ಕೋಳಿಗಾಗುವ ಲಸಿಕೆಯ ಸೀಸೆಯನ್ನು ಹತ್ತಕ್ಕಾಗಿ ಒಡೆಯುವುದು ದಂಡವಲ್ಲವೇ, ಜವಾರಿ ಕೋಳಿಗೆ ರೋಗವೇ ತಾಗದೆಂಬ ಮಾತು ನಿಜವೇ ಎಂದು ಕೇಳಿದ್ದೀರಿ. ನಾನು ಪಶುವೈದ್ಯನಲ್ಲ, ವಿಜಯಪುರದ ಕಡೆಯಿಂದ ಬಂದು ಪುಣೆಯ ಮಾಂಜರಿಯಲ್ಲಿ ನೆಲೆಸಿ, ಹನ್ನೆರಡು ವರ್ಷಗಳಿಂದ ಕೋಳಿ ಸಾಕುತ್ತಿರುವವನು.

ಮಿಕ್ಕ ರೋಗಗಳ ಮಾತು ಹೇಗಿದ್ದರೂ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಲೇಬೇಕು. ನಮ್ಮ ಅಕ್ಕಪಕ್ಕದ ಮರಾಠಿಗರು ಮಾನಮೋಡಿ ಎನ್ನುವುದೂ, ವೈದ್ಯರು ರಾಣಿಖೇತ್ ಎನ್ನುವುದೂ ಇದನ್ನೇ. ಜವಾರಿ ತಳಿ ಬಿಸಿಲು, ಮಳೆ, ಅರೆಹೊಟ್ಟೆಯನ್ನು ತಾಳಿಕೊಳ್ಳುತ್ತದೆ ಎಂಬುದು ನಿಜವಾದರೂ ಈ ವೈರಾಣುವಿನ ಮುಂದೆ ಆ ಗಟ್ಟಿತನ ನಡೆಯುವುದಿಲ್ಲ. ಆರು ವರ್ಷಗಳ ಹಿಂದೆ ನಾನೂ ಅದೇ ಮಾತನ್ನು ನಂಬಿ, ವಾರದ ಸಂತೆಯಿಂದ ತಂದ ಎರಡು ಹ್ಯಾಟೆಗಳನ್ನು ಅಂದೇ ಹಳೆಯ ಕೋಳಿಗಳೊಡನೆ ಬಿಟ್ಟಿದ್ದೆ. ವಾರದೊಳಗೆ ಕೋಳಿಗಳು ಹಸಿರು ಹಿಕ್ಕೆ ಹಾಕತೊಡಗಿ, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚಿಕೊಂಡು ಬಿದ್ದವು. ಹದಿನಾಲ್ಕರಲ್ಲಿ ಉಳಿದದ್ದು ಎರಡು. ಈ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ರೋಗ ಕಂಡ ಮೇಲೆ ಓಡಾಡಿ ಫಲವಿಲ್ಲ.

ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಲಸೋಟಾ ಅಥವಾ ಎಫ್-1 ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುತ್ತಾರೆ; ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ ಲಸೋಟಾ, ಎಂಟನೆಯ ವಾರದ ಸುಮಾರಿಗೆ ರೆಕ್ಕೆಯ ಕೆಳಗೆ ಆರ್-2-ಬಿ ಚುಚ್ಚುಮದ್ದು. ಈ ಕೊನೆಯದು ಜೋರಿನದು, ಆದ್ದರಿಂದ ಎಳೆಯ ಮರಿಗಳಿಗೆ ಅದನ್ನು ಕೊಡಬಾರದು. ತಮ್ಮ ಕೋಳಿಗಳು ದೊಡ್ಡವಾಗಿದ್ದು ಈವರೆಗೆ ಯಾವ ಲಸಿಕೆಯನ್ನೂ ಕಾಣದಿದ್ದರೆ, ಕ್ರಮವನ್ನು ಹತ್ತಿರದ ಪಶುವೈದ್ಯಕೀಯ ದವಾಖಾನೆಯಲ್ಲಿ ಕೇಳಿಯೇ ಮುಂದುವರಿಯಿರಿ.

ಸೀಸೆಯ ಬೆಲೆಗಿಂತ ತಂಪಿನ ಚಿಂತೆ ದೊಡ್ಡದು. ಇವು ಜೀವಂತ ವೈರಾಣುವಿನ ಲಸಿಕೆಗಳು. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಸೀಸೆಯಲ್ಲಿನ ಒಣ ಲಸಿಕೆಯನ್ನು ಅದರ ದ್ರಾವಣದಲ್ಲಿ ಒಮ್ಮೆ ಕಲಸಿದ ಮೇಲೆ ಎರಡು ಗಂಟೆಗಳೊಳಗೆ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆಗೆ ಬಳಸುವಂತಿಲ್ಲ. ಐಸ್ ಇಲ್ಲದೆ ಬೈಕಿನ ಡಿಕ್ಕಿಯಲ್ಲಿ ತಂದ ಸೀಸೆಯನ್ನು ಹಾಕುವುದಕ್ಕಿಂತ ಹಾಕದಿರುವುದೇ ಮೇಲು, ಏಕೆಂದರೆ ಆಗ ರಕ್ಷಣೆಯಿದೆ ಎಂಬ ಭ್ರಮೆಯಾದರೂ ಇರುವುದಿಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದೇ ಸೀಸೆ ತಂದು, ಸಂಜೆಯ ತಂಪಿನಲ್ಲಿ ಎಲ್ಲ ಕೋಳಿಗಳಿಗೂ ಹಾಕಿ ಮುಗಿಸುತ್ತೇವೆ. ಕೈ ತೊಳೆಯದೆ ಕಣ್ಣುಜ್ಜಬೇಡಿ; ಹಾಗೆ ಮಾಡಿ ನಾನು ಎರಡು ದಿನ ಕಣ್ಣು ಕೆಂಪಾಗಿಸಿಕೊಂಡಿದ್ದೆ.

ಸೊಳ್ಳೆ ಹೆಚ್ಚಿರುವ ಜಾಗವಾದರೆ ಕೋಳಿ ಸಿಡುಬಿನ ಲಸಿಕೆಯೂ ಯೋಗ್ಯ. ಕೋಳಿಯ ಕಾಲು ಸೋಲಿಸಿ ಮೈಯೊಳಗೆ ಗಡ್ಡೆ ತರುವ ಮಾರೆಕ್ಸ್ ಎಂಬ ವೈರಾಣು ರೋಗದ ಲಸಿಕೆಯನ್ನು ಮರಿ ಹುಟ್ಟಿದ ಮೊದಲ ದಿನವೇ ಹ್ಯಾಚರಿಯಲ್ಲಿ ಹಾಕಿರಬೇಕು, ಈಗ ಅದರ ಯೋಚನೆ ಬೇಡ. ಹಕ್ಕಿಜ್ವರದ ದಾರಿಯೇ ಬೇರೆ: 2006ರಲ್ಲಿ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ ಅದು ದೇಶದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡಾಗ ಕೋಳಿಗಳನ್ನು ಕೊಂದೇ ತಡೆದರು. ಆದ್ದರಿಂದ ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅವನ್ನು ಮುಟ್ಟದೆ, ಮಾರದೆ ದವಾಖಾನೆಗೆ ತಿಳಿಸಿ. ಲಸಿಕೆ ಹಾಕಿಸಿದ ಮೇಲೂ ಹೊಸ ಕೋಳಿಯನ್ನು ಮೂರು ವಾರ ಬೇರೆ ಗೂಡಿನಲ್ಲಿಡುವುದನ್ನು ನಾನು ಬಿಟ್ಟಿಲ್ಲ.