ಒರೊಮೊ ಹೆಂಗಸರ 'ಸೀಂಕೆ' ಕೋಲಿಗೆ ಜಗಳ ನಿಲ್ಲಿಸುವ ಶಕ್ತಿ ಎಲ್ಲಿಂದ ಬಂತು?

ಇಥಿಯೋಪಿಯಾದ ಒರೊಮೊ ಜನರಲ್ಲಿ, ಅದರಲ್ಲೂ ಅರ್ಸಿ ಕಡೆ, ಮದುವೆಯ ದಿನ ತಾಯಿ ಮಗಳ ಕೈಗೆ ಒಂದು ತೆಳ್ಳನೆಯ ನೀಳ ಕೋಲು ಕೊಡುತ್ತಾಳೆ. ಅದೇ ಸೀಂಕೆ. ಅದು ಹೊಡೆಯೋಕಲ್ಲ, ಮದುವೆಯಾದ ಹೆಂಗಸಿನ ಹಕ್ಕಿನ ಗುರುತು.

ಗಂಡ ಹೊಡೆದ ಅಂತಿಟ್ಟುಕೊಳ್ಳಿ. ಆಕೆ ಸೀಂಕೆ ಹಿಡಿದು ಹೊರಗೆ ಬಂದು ಕೂಗು ಹಾಕುತ್ತಾಳೆ. ಕೇಳಿಸಿಕೊಂಡ ಹೆಂಗಸರೆಲ್ಲ ಕೈಲಿದ್ದ ಕೆಲಸ ಬಿಟ್ಟು, ತಮ್ಮ ಕೋಲು ಹಿಡಿದು ಬಂದು ಸೇರಬೇಕು. ಇತ್ತ ಮನೆಗಳಲ್ಲಿ ಒಲೆ ಹಚ್ಚೋರಿಲ್ಲ, ಹಾಲು ಕರೆಯೋರಿಲ್ಲ. ತಪ್ಪು ಮಾಡಿದವನ ಮರ್ಯಾದೆಯನ್ನು ಹಾಡು ಕಟ್ಟಿ ತೆಗೆಯುತ್ತಾರೆ. ಕೊನೆಗೆ ಊರ ಹಿರಿಯರು ಮಧ್ಯೆ ಬರಲೇಬೇಕು. ಅವನು ತಪ್ಪೊಪ್ಪಿಕೊಂಡು ದಂಡ ಕೊಡೋವರೆಗೂ ಇವರು ಮನೆಗೆ ಹೋಗಲ್ಲ. ಒಂಥರಾ ಮುಷ್ಕರವೇ ಅಲ್ವಾ?

ಎರಡು ಕುಲಗಳು ಹೊಡೆದಾಟಕ್ಕೆ ನಿಂತರೂ ಇದೇ ಕೋಲು. ಹೆಂಗಸರು ಸೀಂಕೆ ಹಿಡಿದು ನಡುವೆ ಸಾಲಾಗಿ ನಿಲ್ಲುತ್ತಾರೆ. ಆ ಸಾಲು ದಾಟಿದವನಿಗೆ ಶಾಪ ತಟ್ಟುತ್ತದೆ ಅನ್ನೋ ನಂಬಿಕೆ ಇದೆ, ಹಾಗಾಗಿ ಗಂಡಸರು ಹಿಂದೆ ಸರಿಯುತ್ತಾರೆ. ಆಮೇಲೆ ಹಿರಿಯರ ರಾಜಿ ಮಾತುಕತೆ ಶುರು.

ಸುಮ್ನೆ ಹೊಗಳೋದೂ ಬೇಡ. ಒರೊಮೊಗಳ ಆಡಳಿತ ಪದ್ಧತಿ 'ಗಡಾ' 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಆದರೆ ಅದರ ಅಧಿಕಾರ ಸ್ಥಾನಗಳೆಲ್ಲ ಪರಂಪರೆಯಿಂದ ಗಂಡಸರದ್ದೇ. ಸೀಂಕೆಯೂ ಮದುವೆಯಾದವರಿಗಷ್ಟೇ. ನನ್ನ ಪ್ರಕಾರ ಇದರ ಬಲ ಇರೋದು ಕೋಲಿಗಿಂತ ಜಾಸ್ತಿ, ಒಬ್ಬಳು ಕೂಗಿದರೆ ಎಲ್ಲರೂ ಬರಲೇಬೇಕು ಅನ್ನೋ ಕಟ್ಟುಪಾಡಿನಲ್ಲಿ. ನಂಬಿಕೆ ಸಡಿಲವಾದ ಪೇಟೆಗಳಲ್ಲಿ ಅದು ಅಷ್ಟು ನಡೆಯೋದು ಕಷ್ಟ.