ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ನನ್ನದೇ ಆದ ಸಬ್‌ಮಿಷನ್ ಒಂದನ್ನು ರೂಪಿಸಿಕೊಳ್ಳುವುದು ಹೇಗೆ?

ಬಿಳಿಯ ನಂತರದ ನೀಲಿ ಬೆಲ್ಟ್ ಬಂದಿದೆ, ಎದುರಾಳಿಯನ್ನು ಶರಣಾಗಿಸುವ ಹತ್ತಾರು ಸಬ್‌ಮಿಷನ್‌ಗಳು ಗೊತ್ತಿವೆ, ಆದರೆ ಅಭ್ಯಾಸದ ಸೆಣಸಾಟವಾದ ಸ್ಪಾರಿಂಗ್‌ನಲ್ಲಿ ಯಾವುದೂ ಕೈಗೂಡುತ್ತಿಲ್ಲ. ಯಾರಿಗೂ ತಿಳಿಯದ ಹೊಸ ಪಟ್ಟೊಂದನ್ನು ನಾನೇ ಕಂಡುಹಿಡಿಯಬಹುದೇ ಎಂದು ಕೇಳಿದ್ದೀರಿ. ಕಂಡುಹಿಡಿಯಲು ಹೊರಡಬೇಡಿ ಎಂಬುದು ನನ್ನ ಉತ್ತರ. ಎಲ್ಲರಿಗೂ ಗೊತ್ತಿರುವ ಹಳೆಯ ಪಟ್ಟೊಂದನ್ನು ಆರಿಸಿಕೊಂಡು, ಅದಕ್ಕೆ ನಿಮ್ಮ ಮೈಕಟ್ಟಿಗೆ ಒಪ್ಪುವ ದಾರಿಯೊಂದನ್ನು ಮಾಡಿಕೊಂಡರೆ ಅದೇ ನಿಮ್ಮದಾಗುತ್ತದೆ.

ವ್ಯಕ್ತಿಗಳ ಹೆಸರು ಹೊತ್ತ ಸಬ್‌ಮಿಷನ್‌ಗಳ ಹಿನ್ನೆಲೆಯನ್ನು ನೋಡಿದರೂ ಇದೇ ಕಾಣುತ್ತದೆ. 1951ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದ ಮರಕಾನದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಅವರು ಬ್ರೆಜಿಲಿಯನ್ ಜಿಯು-ಜಿಟ್ಸುವನ್ನು ರೂಪಿಸಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿಯವರ ತೋಳನ್ನು ತಿರುಚಿ ಗೆದ್ದ ಪಟ್ಟು ಜೂಡೊದಲ್ಲಿ ಅದಕ್ಕೂ ಮೊದಲೇ ಇತ್ತು. ಆದರೂ ಬ್ರೆಜಿಲ್‌ನವರು ಅದಕ್ಕೆ ಕಿಮುರಾ ಎಂದೇ ಹೆಸರಿಟ್ಟರು. ಅಮೆರಿಕದ ಜಿಯು-ಜಿಟ್ಸು ತರಬೇತುದಾರ ಎಡ್ಡಿ ಬ್ರಾವೊ ಅವರ, ಬೆನ್ನುಮೂಳೆ ತಿರುಚುವ ಟ್ವಿಸ್ಟರ್ ಅಮೆರಿಕದ ಶಾಲಾ ಕುಸ್ತಿಯಿಂದ ಬಂದದ್ದು. ನನಗೆ ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವೆನಿಸಿರುವುದು ಎಜೆಕಿಯೆಲ್ ಚೋಕ್, ಅಂದರೆ ತನ್ನದೇ ತೋಳಂಚು ಹಿಡಿದು ಎದುರಾಳಿಯ ಕುತ್ತಿಗೆ ಅಮುಕುವ ಪಟ್ಟಿನ ಕಥೆ. ಬ್ರೆಜಿಲ್‌ನ ಜೂಡೊ ಪಟು ಎಜೆಕಿಯೆಲ್ ಪರಗ್ವಾಸು 1988ರ ಸೋಲ್ ಒಲಿಂಪಿಕ್ಸ್‌ಗೆ ಮುನ್ನ ನೆಲದ ಸೆಣಸಾಟವನ್ನು ಸುಧಾರಿಸಿಕೊಳ್ಳಲು ಕಾರ್ಲ್‌ಸನ್ ಗ್ರೇಸಿಯವರ ಅಕಾಡೆಮಿಗೆ ಹೋಗುತ್ತಿದ್ದರು. ಅಲ್ಲಿನವರು ಕೆಳಗೆ ಮಲಗಿ ಎದುರಾಳಿಯ ಸೊಂಟವನ್ನು ಕಾಲುಗಳಿಂದ ಬಿಗಿಯುವ ಕ್ಲೋಸ್ಡ್ ಗಾರ್ಡನ್ನು ಬಿಡಿಸಿಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತಂತೆ. ಬಿಡಿಸಿಕೊಳ್ಳುವ ಬದಲು ಅವರು ಆ ಗಾರ್ಡಿನ ಒಳಗಿನಿಂದಲೇ, ಜೂಡೊದಲ್ಲಿ ಸೊದೆ ಗುರುಮ ಜಿಮೆ ಎಂದು ಕರೆಯುವ ಚೋಕ್ ಹಾಕತೊಡಗಿದರು. ಅಲ್ಲಿಂದ ಯಾರೂ ಕುತ್ತಿಗೆಗೆ ಕೈ ಹಾಕಲಾರರು ಎಂದು ನಂಬಿದ್ದವರಿಗೆ ಅದು ಅನಿರೀಕ್ಷಿತವಾಗಿತ್ತು.

ಆದ್ದರಿಂದ ಮೊದಲು ಗಮನಿಸಬೇಕಾದದ್ದು ನೀವು ಪದೇ ಪದೇ ಎಲ್ಲಿಗೆ ತಲುಪುತ್ತೀರಿ ಮತ್ತು ಅಲ್ಲಿ ಎದುರಾಳಿ ತಪ್ಪದೆ ಏನು ಮಾಡುತ್ತಾನೆ ಎಂಬುದನ್ನು. ನನ್ನ ತೋಳುಗಳು ಗಿಡ್ಡ; ಉದ್ದ ತೋಳಿನವರಿಗೆ ಸಲೀಸಾಗಿ ಒದಗುವ ಡಾರ್ಸ್ ಚೋಕ್ ನನಗೆ ಎಂದೂ ಒಗ್ಗಲಿಲ್ಲ. ಆದರೆ ಮೌಂಟ್‌ಗೆ, ಅಂದರೆ ಎದುರಾಳಿಯ ಹೊಟ್ಟೆಯ ಮೇಲೆ ಕೂರುವ ಸ್ಥಾನಕ್ಕೆ, ನಾನು ಸಾಕಷ್ಟು ಬಾರಿ ತಲುಪುತ್ತೇನೆ. ಅಲ್ಲಿ ಕೆಳಗಿರುವವನು ಮೊಣಕೈಯನ್ನು ನನ್ನ ಮಂಡಿಗೆ ಒತ್ತಿ, ಪಕ್ಕಕ್ಕೆ ಹೊರಳಿ, ಕಾಲನ್ನು ಒಳಗೆ ಎಳೆದುಕೊಳ್ಳಲು ನೋಡುತ್ತಾನೆ. ಮೊದಲ ತಿಂಗಳಿನಿಂದಲೇ ನಮಗೆಲ್ಲರಿಗೂ ಕಲಿಸುವ ಪಾರಾಗುವ ಕ್ರಮ ಅದು. ಆ ಗಳಿಗೆಯಲ್ಲಿ ಅವನ ಎರಡು ಕೈಗಳೂ ಸೊಂಟದ ಬಳಿ ಇರುತ್ತವೆ, ಕುತ್ತಿಗೆಗೆ ಕಾವಲಿರುವುದಿಲ್ಲ. ನನ್ನ ಎಡತೋಳು ಆಗಲೇ ಅವನ ತಲೆಯ ಅಡಿಯಲ್ಲಿರುತ್ತದೆ. ಮುಖವನ್ನು ಒತ್ತಿ ಹಿಡಿಯುವುದಕ್ಕಷ್ಟೇ ಅದು ಅಲ್ಲಿದೆ ಎಂದು ಅವನು ಭಾವಿಸಿರುತ್ತಾನೆ.

ಅಲ್ಲಿ ನಾನು ಹಾಕುವುದು ಅದೇ ಎಜೆಕಿಯೆಲ್ ಚೋಕ್. ಇಲ್ಲಿಂದ ಮುಂದಿನದೆಲ್ಲ ಬೆರಳುಗಳ ಕೆಲಸ. ಎಡಗೈಯ ನಾಲ್ಕು ಬೆರಳುಗಳನ್ನು ನನ್ನದೇ ಬಲತೋಳಿನ ಗಿ (ಅಭ್ಯಾಸದ ಉಡುಪು) ತೋಳಂಚಿನೊಳಗೆ ತೂರಿಸಿ, ಸಡಿಲ ಬಟ್ಟೆಯನ್ನು ಮುಷ್ಟಿಯಲ್ಲಿ ಮೊದಲೇ ಸುತ್ತಿಕೊಳ್ಳುತ್ತೇನೆ. ತೋಳಂಚು ಜೋಲು ಬಿದ್ದಿದ್ದರೆ ಎಷ್ಟು ಬಲ ಹಾಕಿದರೂ ಅದು ಬಟ್ಟೆಯಲ್ಲೇ ಕರಗಿಹೋಗುತ್ತದೆ. ಬಲಗೈಯನ್ನು ಚಪ್ಪಟೆ ಮಾಡಿ ದವಡೆಯ ಪಕ್ಕದಿಂದ ಗಲ್ಲದಡಿಗೆ ಸರಿಸುತ್ತೇನೆ. ಗಲ್ಲವನ್ನು ಎದೆಗೆ ಒತ್ತಿಕೊಂಡವನಿಗೂ ಪಕ್ಕದಲ್ಲಿ ಸಣ್ಣ ಸಂದು ಇದ್ದೇ ಇರುತ್ತದೆ. ಮಣಿಕಟ್ಟು ಆಳಕ್ಕೆ ಹೋದರೆ ಕುತ್ತಿಗೆಯ ಪಕ್ಕದ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ; ಮೇಲುಮೇಲೆಯೇ ನಿಂತರೆ ಶ್ವಾಸನಾಳ ನೋಯುತ್ತದೆ, ಅದು ಜೊತೆಗಾರನಿಗೆ ಹಿಂಸೆಯೇ ಹೊರತು ಒಳ್ಳೆಯ ಚೋಕ್ ಅಲ್ಲ. ತಲೆಯಡಿಯಲ್ಲಿ ಸಿಕ್ಕಿಕೊಂಡ ಎಡಗೈಯನ್ನು ನೆಲಕ್ಕೆ ಊರಲಾಗದ ಕಾರಣ ಎದುರಾಳಿ ಆ ಕಡೆಗೇ ನನ್ನನ್ನು ಉರುಳಿಸುವ ಸಂಭವ ಹೆಚ್ಚು. ಅದಕ್ಕಾಗಿ ಎಡಮಂಡಿಯನ್ನು ಮೊದಲೇ ಅಗಲಿಸಿ ಇಟ್ಟಿರುತ್ತೇನೆ.

ಇದರಲ್ಲಿ ಹೊಸ ಹಿಡಿತ ಒಂದೂ ಇಲ್ಲ. ನನ್ನದೆಂದು ಹೇಳಬಹುದಾದದ್ದು ಅದನ್ನು ಹಾಕುವ ಹೊತ್ತು ಮತ್ತು ಅದರ ನಂತರದ ಹೆಜ್ಜೆ ಮಾತ್ರ. ಎದುರಾಳಿ ಕುತ್ತಿಗೆ ಕಾಯಲು ಕೈ ಮೇಲೆತ್ತಿದ ಕೂಡಲೇ ಅವನ ಮೊಣಕೈ ಪಕ್ಕೆಲುಬಿನಿಂದ ದೂರವಾಗುತ್ತದೆ, ನನ್ನ ಮಂಡಿಗಳು ಅವನ ಕಂಕುಳಿಗೆ ಏರುತ್ತವೆ, ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಹತ್ತಿರವಾಗುತ್ತದೆ. ಕೈ ಕೆಳಗಿಳಿಸಿದರೆ ಮತ್ತೆ ಚೋಕ್. ಇಂತಹ ಇಕ್ಕಟ್ಟು ಸಿಗುವವರೆಗೆ ಒಂಟಿ ಸಬ್‌ಮಿಷನ್ ಹೆಚ್ಚು ದಿನ ನಡೆಯದು, ಏಕೆಂದರೆ ನಿಮ್ಮ ಅಕಾಡೆಮಿಯವರು ಅದನ್ನು ಬಲುಬೇಗ ಗುರುತಿಸಿಬಿಡುತ್ತಾರೆ.

ಗುರುತಿಸಿದ ಮೇಲೂ ನಡೆಯುವ ಪಟ್ಟುಗಳಿವೆ ಎಂಬುದು ನಿಜ. ವಿಶ್ವ ಚಾಂಪಿಯನ್ ರೋಜರ್ ಗ್ರೇಸಿಯವರು ಮೌಂಟ್‌ನಿಂದ ಹಾಕುತ್ತಿದ್ದ ಕಾಲರ್ ಚೋಕ್ ಬಿಳಿ ಬೆಲ್ಟ್‌ನವರಿಗೂ ಕಲಿಸುವಂಥದ್ದು. ಬರಲಿರುವುದು ಅದೇ ಎಂದು ತಿಳಿದಿದ್ದ ಕಪ್ಪು ಬೆಲ್ಟ್‌ನವರು 2009ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿಯೂ ಅದಕ್ಕೆ ಶರಣಾದರು. ಆ ಮಟ್ಟದ ನಿಖರತೆಯನ್ನು ನಾನಂತೂ ನಿರೀಕ್ಷಿಸಿಕೊಂಡಿಲ್ಲ.

ಅಭ್ಯಾಸಕ್ಕೆ ಪೂರ್ತಿ ಸ್ಪಾರಿಂಗ್ ಸಾಲದು, ಏಕೆಂದರೆ ಬೇಕಾದ ಸ್ಥಾನ ಅದರಲ್ಲಿ ಅಪರೂಪಕ್ಕೆ ಬರುತ್ತದೆ. ಆ ಸ್ಥಾನದಿಂದಲೇ ಆರಂಭಿಸಿ, ಪಾರಾದರೆ ಅಥವಾ ಟ್ಯಾಪ್ ಆದರೆ (ಕೈ ತಟ್ಟಿ ಸೋಲೊಪ್ಪಿದರೆ) ಮತ್ತೆ ಅಲ್ಲಿಗೇ ಮರಳುವ ಸುತ್ತುಗಳನ್ನು ಜೊತೆಗಾರನಲ್ಲಿ ಕೇಳಿಕೊಳ್ಳಿ. ಮೊದಲು ಹೊಸಬರ ಮೇಲೆ, ನಿಧಾನವಾಗಿ. ಬಳಿಕ ನಿಮಗಿಂತ ಭಾರದವರ ಮೇಲೆ. ಏನನ್ನು ಪ್ರಯತ್ನಿಸುತ್ತಿದ್ದೀರಿ ಎಂದು ಮುಂಚೆಯೇ ತಿಳಿಸಿ, ಟ್ಯಾಪ್ ಮಾಡಲು ಸಮಯ ಕೊಡಿ. ಕುತ್ತಿಗೆ, ಬೆನ್ನುಮೂಳೆಗಳನ್ನು ತಿರುಚುವ ಪ್ರಯೋಗಗಳನ್ನು ದಯವಿಟ್ಟು ಮಾಡಬೇಡಿ.

ನಿಯಮಗಳನ್ನೂ ಈಗಲೇ ನೋಡಿಕೊಳ್ಳಿ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ಸ್ಪರ್ಧೆಗಳಲ್ಲಿ ವಯಸ್ಕ ನೀಲಿ ಬೆಲ್ಟ್‌ನವರು ಮಣಿಕಟ್ಟಿನ ಲಾಕ್ ಹಾಕಬಹುದು. ಹಿಮ್ಮಡಿ ಹಿಡಿದು ಮಂಡಿಯನ್ನು ತಿರುಚುವ ಹೀಲ್ ಹುಕ್ ಗಿ ಇಲ್ಲದ ವಿಭಾಗದಲ್ಲಿ, ಅದೂ ಕಂದು ಮತ್ತು ಕಪ್ಪು ಬೆಲ್ಟ್‌ನವರಿಗೆ ಮಾತ್ರ. ಎಜೆಕಿಯೆಲ್‌ನಲ್ಲಿ ಬೆರಳು ಹೋಗುವುದು ಸ್ವಂತ ತೋಳಂಚಿನೊಳಗಾದ್ದರಿಂದ ಅಡ್ಡಿಯಿಲ್ಲ; ಎದುರಾಳಿಯ ತೋಳಂಚಿನೊಳಗೆ ಬೆರಳು ಹಾಕಿದರೆ ದಂಡ. ನಿಮ್ಮ ಎತ್ತರ, ತೂಕ ಹಾಗೂ ನೀವು ಹೆಚ್ಚಾಗಿ ತಲುಪುವ ಸ್ಥಾನವನ್ನು ಬರೆದರೆ, ಯಾವ ಪಟ್ಟಿನಿಂದ ಆರಂಭಿಸಬಹುದೆಂದು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.